ನಮ್ಮ ಕಡೆಯ ತಾರೀಖುಗಳು
(ದಿನ ವಿಶೇಷ: ಜೂನ್‌ನಿಂದ ಮೇ ತನಕ)



ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಪಂಚಾಂಗ, ಸುಭಾಷಿತ, ವಾರ್ತೆ, ಕೊನೆಗೆ ‘ದಿನ ವಿಶೇಷ’ ಓದುವುದು ನಮ್ಮ ಶಾಲೆಯ ಪದ್ಧತಿ. ಇವತ್ತು ಯಾರು ಹುಟ್ಟಿದರು, ಎಲ್ಲಿ ಯುದ್ಧ ನಡೆಯಿತು, ಯಾವ ಯಂತ್ರ ಕಂಡುಹಿಡಿದರು ಅಂತ ಎರಡು ಸಾಲು. ಅದರಲ್ಲಿ ಕೊಲಂಬಸ್ ಬರುತ್ತಾನೆ, ನೆಪೋಲಿಯನ್ ಬರುತ್ತಾನೆ, ಗ್ರಹಾಂ ಬೆಲ್ ಬರುತ್ತಾನೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಕೆಂಗೇರಿಯಲ್ಲಿ ಬಸ್ ಹತ್ತಿದರೆ ಬೋರ್ಡಿನಲ್ಲಿ ನಾವು ಓದುವ ಹೆಸರುಗಳು ಬೇರೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಹಾವನೂರು ಸರ್ಕಲ್, ಜ್ಞಾನಭಾರತಿ. ಈ ಹೆಸರುಗಳಿಗೂ ತಾರೀಖು ಇದೆ. ಮೈಸೂರು ರಸ್ತೆಗೂ ಇದೆ, ಮಾಗಡಿ ರಸ್ತೆಗೂ ಇದೆ. ಅವನ್ನು ಹುಡುಕಿ, ನಮ್ಮ ಶಾಲೆ ಶುರುವಾಗುವ ಜೂನ್‌ನಿಂದ ಹಿಡಿದು ಒಂದು ವರ್ಷಕ್ಕೆ ಇಲ್ಲಿ ಬರೆದಿದೆ. ಎಲ್ಲ ತಿಂಗಳೂ ಒಂದೇ ಸಮ ಇಲ್ಲ. ಕೆಲವು ತಿಂಗಳಿಗೆ ಒಂದೇ ಸಾಲು, ಕೆಲವಕ್ಕೆ ಒಂದು ಹಾಳೆ.

ಒಂದು ಮಾತು ಮೊದಲೇ ಹೇಳಬೇಕು. ಕೆಲವು ತಾರೀಖು ಗಟ್ಟಿ, ಕಾಗದದಲ್ಲಿ ಬರೆದಿಟ್ಟದ್ದು. ಕೆಲವು ಪ್ರತಿವರ್ಷ ಜಾಗ ಬದಲಾಯಿಸುತ್ತವೆ. ಕೆಲವನ್ನು ಹಿಂದಿನವರು ಗೌರವಕ್ಕಾಗಿ ಗೊತ್ತುಮಾಡಿದ್ದಾರೆ. ಯಾವುದು ಯಾವ ತರಹದ್ದು ಅಂತ ನೋಡಿಕೊಂಡು ಓದಬೇಕು.

ಜೂನ್

ಜೂನ್ 1ರಂದು ಹುಟ್ಟಿದವರು ನಮ್ಮ ಕಡೆ ಬಹಳ. ನಿಮ್ಮ ತಾತನ, ದೊಡ್ಡಪ್ಪನ ಆಧಾರ್ ಕಾರ್ಡು ನೋಡಿ, ಗೊತ್ತಾಗುತ್ತದೆ. ಹಿಂದೆ ಮಗುವನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಬಂದಾಗ ಹುಟ್ಟಿದ ದಿನ ಕೇಳಿದರೆ ‘ರಾಗಿ ಕುಯ್ಯೋ ಕಾಲ್ದಾಗೆ ಸ್ವಾಮಿ’ ಅನ್ನುತ್ತಿದ್ದರು. ಮೇಷ್ಟ್ರು ವಯಸ್ಸು ಸರಿಹೋಗುವ ಹಾಗೆ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಅದೇ ಮುಂದೆ ಮಾರ್ಕ್ಸ್ ಕಾರ್ಡಿಗೆ, ರೇಷನ್ ಕಾರ್ಡಿಗೆ, ಪಿಂಚಣಿಗೆ ಬಂತು. ಹಾಗಾದರೆ ಅದು ಸುಳ್ಳೇ? ಸುಳ್ಳು ಅನ್ನುವುದಕ್ಕಿಂತ ಅದು ಶಾಲೆಗೆ ಸೇರಿದ್ದರ ದಾಖಲೆ ಅನ್ನಬಹುದು.

ಜೂನ್ 18, 1918: ಕವಿ ಸಿದ್ಧಯ್ಯ ಪುರಾಣಿಕರ ಜನನ. ‘ಕಾವ್ಯಾನಂದ’ ಇವರ ಕಾವ್ಯನಾಮ. ಸರ್ಕಾರದಲ್ಲಿ ದೊಡ್ಡ ಅಧಿಕಾರಿಯೂ ಆಗಿದ್ದರು. ಬಸವೇಶ್ವರನಗರದಲ್ಲಿ ಒಂದು ಮುಖ್ಯರಸ್ತೆಗೆ ಇವರ ಹೆಸರಿದೆ.

ಜೂನ್ 27: ನಾಡಪ್ರಭು ಕೆಂಪೇಗೌಡರ ಜಯಂತಿ. ಹಿರಿಯ ಕೆಂಪೇಗೌಡರ ಕಾಲ 1510ರಿಂದ 1569 ಅಂತ ಪುಸ್ತಕಗಳಲ್ಲಿದೆ. ಇವರು ಯಲಹಂಕದ ಪ್ರಭುಗಳು, ವಿಜಯನಗರದ ಅರಸರ ಕೆಳಗೆ ಆಳುತ್ತಿದ್ದವರು. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಪೇಟೆ ಮಾಡಿದರು. ಈಗಿನ ಚಿಕ್ಕಪೇಟೆ, ದೊಡ್ಡಪೇಟೆ ಕೂಡುವ ಜಾಗದಲ್ಲಿ ನಾಲ್ಕು ಜೋಡಿ ಎತ್ತು ಹೂಡಿ ನಾಲ್ಕು ದಿಕ್ಕಿಗೂ ಉಳಿಸಿ ಬೀದಿಗಳ ಗೆರೆ ಹಾಕಿಸಿದರು ಅಂತ ಕಥೆ ಹೇಳುತ್ತಾರೆ. ಜೂನ್ 27ರಂದು ಸರ್ಕಾರದಿಂದ ಜಯಂತಿ ಆಚರಿಸುವುದು 2017ರಿಂದ ನಡೆದುಬಂದಿದೆ. ನಾಲ್ಕುನೂರೈವತ್ತು ವರ್ಷ ಇವರಿಗೆ ಕ್ಯಾಲೆಂಡರಿನಲ್ಲಿ ದಿನ ಇರಲಿಲ್ಲ, ಹೆಸರು ಮಾತ್ರ ಇತ್ತು. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಸಮಾಧಿ ಮಂಟಪದ ಮೇಲಿದ್ದ ಚಿಕ್ಕ ಬರಹವನ್ನು ಓದಿದಾಗ ಅದು ಹಿರಿಯ ಕೆಂಪಯ್ಯಗೌಡರದು ಅಂತ ತಿಳಿಯಿತು. ಊರಿನವರು ದಿನಾ ಓಡಾಡುತ್ತಿದ್ದ ಜಾಗ ಅದು!

ಇನ್ನೊಂದು ವಿಷಯ. ‘ಬೆಂದಕಾಳೂರು’ ಅನ್ನುವುದರಿಂದ ಬೆಂಗಳೂರು ಆಯಿತು, ವೀರಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟಳು ಅಂತ ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಬೇಗೂರಿನ ನಾಗನಾಥೇಶ್ವರ ದೇವಸ್ಥಾನದಲ್ಲಿ ಒಂದು ವೀರಗಲ್ಲಿದೆ. ಅದರ ಕಾಲ ಕ್ರಿ.ಶ. 900ರ ಆಸುಪಾಸು. ಅದರಲ್ಲಿ ಬೆಂಗಳೂರಿನ ಕಾಳಗ ಅಂತ ಆಗಲೇ ಕೆತ್ತಿದ್ದಾರೆ. ವೀರಬಲ್ಲಾಳ ಬಂದದ್ದು ಅದಕ್ಕೆ ಸುಮಾರು ಮುನ್ನೂರು ವರ್ಷ ಆದ ಮೇಲೆ. ಅಜ್ಜಿಯ ಕಥೆ ಚೆನ್ನಾಗಿದೆ, ಹೇಳೋಣ. ಪರೀಕ್ಷೆಯಲ್ಲಿ ಮಾತ್ರ ಕಲ್ಲಿನ ಮಾತು ಬರೆಯೋಣ.

ಜುಲೈ

ಜುಲೈ 2, 1880: ಫ.ಗು. ಹಳಕಟ್ಟಿಯವರ ಜನನ, ಧಾರವಾಡದಲ್ಲಿ. ಬಸವೇಶ್ವರನಗರ ಅಂತ ಹೆಸರಿಡಬೇಕಾದರೆ ಬಸವಣ್ಣನವರ ಮಾತು ನಮಗೆ ಸಿಕ್ಕಿರಬೇಕಲ್ಲ. ಆ ವಚನಗಳ ತಾಳೆಗರಿಯ ಕಟ್ಟುಗಳು ಮನೆಮನೆಗಳಲ್ಲಿ, ಮಠಗಳಲ್ಲಿ ಹುಳು ಹಿಡಿಯುತ್ತಿದ್ದವು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರು. ಊರೂರು ಅಲೆದು ಗರಿಗಳನ್ನು ಕೂಡಿಸಿ, ಓದಿ, ತಿದ್ದಿ 1923ರಲ್ಲಿ ಮೊದಲ ದೊಡ್ಡ ಸಂಗ್ರಹ ಅಚ್ಚು ಹಾಕಿಸಿದರು. ಅಚ್ಚು ಹಾಕುವವರು ಸಿಗುವುದು ಕಷ್ಟವಾಗಿ, ಇದ್ದ ಮನೆ ಮಾರಿ ತಾವೇ ಪ್ರೆಸ್ ಹಾಕಿದರು ಅಂತ ಹೇಳುತ್ತಾರೆ. ತೀರಿಕೊಂಡದ್ದು 1964ರ ಜೂನ್ 29ರಂದು. ಹುಟ್ಟಿದ ದಿನಕ್ಕೂ ಹೋದ ದಿನಕ್ಕೂ ಮೂರೇ ದಿನ ಅಂತರ, ಆದ್ದರಿಂದ ಒಂದೇ ಹಾಳೆಯಲ್ಲಿ ಎರಡನ್ನೂ ಬರೆಯಬಹುದು.

ಆಗಸ್ಟ್

ಆಗಸ್ಟ್ 5, 1905: ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂತು, ಕೆ.ಆರ್. ಮಾರುಕಟ್ಟೆಯ ಹತ್ತಿರ. ಕರೆಂಟು ಬಂದದ್ದು ಶಿವನಸಮುದ್ರದಿಂದ. ಅಲ್ಲಿ ವಿದ್ಯುತ್ ತೆಗೆಯಲು ಶುರುಮಾಡಿದ್ದು 1902ರಲ್ಲಿ, ಮೊದಲು ಕಳಿಸಿದ್ದು ಕೋಲಾರದ ಚಿನ್ನದ ಗಣಿಗೆ. ಜನರಿಗೆ ಬೆಳಕು ಸಿಕ್ಕಿದ್ದು ಮೂರು ವರ್ಷ ತಡವಾಗಿ.

ಆಗಸ್ಟ್ 15, 1947: ಇದನ್ನು ಬರೆಯುವುದೇ ಬೇಡ, ಎಲ್ಲರಿಗೂ ಗೊತ್ತು ಅನ್ನುತ್ತೀರಿ. ಆದರೆ ನಮ್ಮ ಊರುಗಳಿಗೆ ಆ ದಿನ ಪೂರ್ತಿ ಸ್ವಾತಂತ್ರ್ಯ ಬರಲಿಲ್ಲ. ನಾವಿದ್ದದ್ದು ಮೈಸೂರು ಸಂಸ್ಥಾನದಲ್ಲಿ. ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರಲು ಸಹಿ ಹಾಕಿದ್ದರು. ಆದರೆ ರಾಜ್ಯಭಾರ ಅರಮನೆ ಮತ್ತು ದಿವಾನರ ಕೈಯಲ್ಲೇ ಇತ್ತು. ಜನರೇ ಆರಿಸಿದ ಸರ್ಕಾರ ಬೇಕು ಅಂತ ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ವಿದ್ಯಾರ್ಥಿಗಳು ಶಾಲೆ ಕಾಲೇಜು ಬಿಟ್ಟು ಬಂದರು, ಜನ ಜೈಲಿಗೆ ಹೋದರು. ಅಕ್ಟೋಬರ್ ಕೊನೆಯ ವಾರ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಆದ್ದರಿಂದ ಹಳೇ ಮೈಸೂರಿನವರಾದ ನಮಗೆ ಆಗಸ್ಟ್ 15ರ ಜತೆಗೆ ಇನ್ನೊಂದು ಎರಡು ತಿಂಗಳ ಕಥೆ ಸೇರುತ್ತದೆ. ಧ್ವಜಾರೋಹಣದ ದಿನ ಭಾಷಣ ಮಾಡುವವರು ಇದನ್ನು ಎರಡು ವಾಕ್ಯದಲ್ಲಾದರೂ ಹೇಳಬೇಕು ಅಂತ ನಮ್ಮ ಅಭಿಪ್ರಾಯ.

ಆಗಸ್ಟ್ 29, 2021: ಕೆಂಗೇರಿಗೆ ಮೆಟ್ರೋ ರೈಲು ಉದ್ಘಾಟನೆ. ಮಾರನೇ ದಿನದಿಂದ ಜನ ಓಡಾಡಿದರು. ಮುಂದೆ ಚಲ್ಲಘಟ್ಟದವರೆಗೆ ಹೋದದ್ದು 2023ರ ಅಕ್ಟೋಬರ್ 9ರಂದು. ಈ ರೈಲಿಗಿಂತ ಮೊದಲಿನ ರೈಲಿನ ಕಥೆ ಅಕ್ಟೋಬರಿನಲ್ಲಿ ಬರುತ್ತದೆ.

ಸೆಪ್ಟೆಂಬರ್

ಸೆಪ್ಟೆಂಬರ್ 15: ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ, ಇಂಜಿನಿಯರುಗಳ ದಿನ. ದಿನದ ಬಗ್ಗೆ ಗಲಾಟೆ ಇಲ್ಲ, ಇಸವಿಯ ಬಗ್ಗೆ ಇದೆ. ಕೆಲವು ಪುಸ್ತಕದಲ್ಲಿ 1860, ಕೆಲವಲ್ಲಿ 1861. ಕ್ವಿಜ್‌ನಲ್ಲಿ ಇದೇ ಪ್ರಶ್ನೆ ಬಂದು ಜಗಳವಾಗುವುದುಂಟು. ಶತಮಾನೋತ್ಸವಕ್ಕೆ ಭಾರತದ ಅಂಚೆ ಇಲಾಖೆ ಚೀಟಿ ತಂದದ್ದು 1960ರಲ್ಲಿ. ಅವರು ಆಗ ಬದುಕಿಯೇ ಇದ್ದರು. ನೂರು ದಾಟಿ 1962ರ ಏಪ್ರಿಲ್‌ನಲ್ಲಿ ಕಾಲವಾದರು.

ಇವರು ಅಂದರೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ನಮಗೆ ಹತ್ತಿರದ್ದು ಮಾಗಡಿ ರಸ್ತೆಯಲ್ಲಿರುವ ತಿಪ್ಪಗೊಂಡನಹಳ್ಳಿ ಅಣೆಕಟ್ಟು. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ್ದು, ಇದರ ಯೋಜನೆಯ ಹಿಂದೆಯೂ ಅವರೇ. ಚಾಮರಾಜಸಾಗರ ಅಂತ ಇದರ ಹೆಸರು. 1974ರಲ್ಲಿ ಕಾವೇರಿ ನೀರು ಬರುವ ತನಕ ಬೆಂಗಳೂರು ಹೆಚ್ಚಾಗಿ ಕುಡಿದದ್ದು ಹೆಸರಘಟ್ಟ ಮತ್ತು ಈ ಕೆರೆಯ ನೀರನ್ನೇ. ಆಮೇಲೆ ಮೇಲಿನ ಹಳ್ಳಿ ಪಟ್ಟಣಗಳ ಕೊಳೆ, ಬಡಾವಣೆ, ಬೋರ್‌ವೆಲ್‌ಗಳಿಂದ ನೀರು ಕಡಿಮೆಯಾಯಿತು, ಕೆಟ್ಟಿತು. 2012ರಲ್ಲಿ ಇಲ್ಲಿಂದ ನಗರಕ್ಕೆ ನೀರು ಕೊಡುವುದು ನಿಂತಿತು. 1933 ಮತ್ತು 2012, ಎರಡೂ ಇಸವಿ ಸೇರಿಸಿ ಬರೆಯಬೇಕು.

ಅಕ್ಟೋಬರ್

ಅಕ್ಟೋಬರ್ 7, 1881: ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿದ ದಿನ. ಅದೇ ವರ್ಷ ಮಾರ್ಚ್ 25ರಂದು ಬ್ರಿಟಿಷರು ಐವತ್ತು ವರ್ಷದ ನಂತರ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸು ಕೊಟ್ಟಿದ್ದರು. ದಿವಾನರು ರಂಗಾಚಾರ್ಲು. ವಾಪಸು ಕೊಟ್ಟಾಗ ರಾಜ್ಯ ಹೇಗಿತ್ತು? ಸೋತು ಸುಣ್ಣವಾಗಿತ್ತು. ಯಾಕೆಂದರೆ ಅದಕ್ಕೆ ಸ್ವಲ್ಪ ಮುಂಚೆ ದೊಡ್ಡ ಬರ ಬಂದಿತ್ತು.

ಹಿಂದಿನವರು ಇದನ್ನು ಧಾತು-ಈಶ್ವರದ ಬರ ಅನ್ನುತ್ತಿದ್ದರು. ಧಾತು, ಈಶ್ವರ ಎರಡೂ ಸಂವತ್ಸರದ ಹೆಸರು, ಒಂದಾದ ಮೇಲೆ ಒಂದು. ಪಂಚಾಂಗದಲ್ಲಿ ಸಂವತ್ಸರ 60 ಇವೆ, ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು. ಹಾಗಾಗಿ ಧಾತು ಅಂದರೆ 1876, 1936, 1996 ಯಾವುದೂ ಆಗಬಹುದು. ಇದಕ್ಕಾಗಿಯೇ ಶಾಸನಗಳಲ್ಲಿ ಸಂವತ್ಸರದ ಜೊತೆಗೆ ಶಕ ವರ್ಷವನ್ನೂ ಕೆತ್ತುತ್ತಿದ್ದರು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಶಕ 1798 ಧಾತು: 1798 + 78 = 1876. ಯುಗಾದಿಯಿಂದ ಯುಗಾದಿಗೆ ಲೆಕ್ಕವಾದ್ದರಿಂದ ಆ ಧಾತು ಸಂವತ್ಸರ 1876ರ ಯುಗಾದಿಯಿಂದ 1877ರ ಯುಗಾದಿವರೆಗೆ. ಈ ಲೆಕ್ಕ ಕಲಿತರೆ ಊರಿನ ದೇವಸ್ಥಾನದ ಕಲ್ಲನ್ನು ನಾವೇ ಸುಮಾರಾಗಿ ಓದಬಹುದು.

ಈಗ ಬರದ ಲೆಕ್ಕ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. 1881ರ ಜನಗಣತಿಯಲ್ಲಿ 41,86,188. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾಗಿತ್ತು, 8,69,224 ಕಡಿಮೆಯಾದರು. ಆರು ಜನಕ್ಕೆ ಒಬ್ಬರು ಅಂದುಕೊಳ್ಳಿ. ನಮ್ಮ ತರಗತಿಯಲ್ಲಿ 36 ಜನ ಇದ್ದರೆ ಆರು ಬೆಂಚಿನಲ್ಲಿ ಆರು ಜಾಗ ಖಾಲಿ. ಯಾವ ಊರಿನಲ್ಲಿ ಯಾರು ಸತ್ತರು ಅಂತ ಹೆಸರಿಲ್ಲ, ದಿನವಿಲ್ಲ. ರಾಜರ ಪಟ್ಟಾಭಿಷೇಕಕ್ಕೆ ತಾರೀಖು, ಗಂಟೆ, ಮುಹೂರ್ತ ಸಮೇತ ಇದೆ.

ಬರದಲ್ಲಿ ಜನರಿಗೆ ಕೂಲಿ ಕೊಡಬೇಕು ಅಂತ ಸರ್ಕಾರ ಮಣ್ಣಿನ ಕೆಲಸ ತೆರೆಯಿತು. ಅದರಲ್ಲಿ ಒಂದು ಬೆಂಗಳೂರು–ಮೈಸೂರು ರೈಲು ದಾರಿ. ಹಸಿದವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿ ಹಾಕಿದರು. ಬರ ಮುಗಿದ ಮೇಲೂ ಕೆಲಸ ಮುಂದುವರಿದು 1882ರಲ್ಲಿ ರೈಲು ಮೈಸೂರು ತಲುಪಿತು. ನಮ್ಮ ಕೆಂಗೇರಿ ಸ್ಟೇಷನ್ ಇರುವುದು ಇದೇ ದಾರಿಯಲ್ಲಿ. ಅಂದು ಅದು ಚಿಕ್ಕ ಹಳಿ, ಮೀಟರ್ ಗೇಜು. ಆಮೇಲೆ ಅಗಲ ಮಾಡಿದರು, ಜೋಡಿ ಹಳಿ ಮಾಡಿದರು. ದಾರಿ ಮಾತ್ರ ಬಹಳಷ್ಟು ಅದೇ. ಮುಂದಿನ ಸಲ ಪ್ಯಾಸೆಂಜರ್ ಗಾಡಿಯಲ್ಲಿ ಬಿಡದಿ, ರಾಮನಗರದ ಕಡೆ ಹೋಗುವಾಗ ಕಿಟಕಿಯಿಂದ ಹಳಿಯ ಕೆಳಗಿನ ಏರಿ ನೋಡಿ.

ನವೆಂಬರ್

ನವೆಂಬರ್ 1, 1956: ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದುಹೋಗಿದ್ದ ಕನ್ನಡದ ಊರುಗಳು ಒಂದಾದ ದಿನ. ಹೆಸರು ಮಾತ್ರ ಮೈಸೂರು ರಾಜ್ಯ ಅಂತಲೇ ಇತ್ತು. ನವೆಂಬರ್ 1, 1973ರಂದು, ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕ ಆಯಿತು. ಇದು ಎಲ್ಲ ಪುಸ್ತಕದಲ್ಲೂ ಇದೆ, ಇಷ್ಟು ಸಾಕು.

ಅರಸರ ಕಾಲದ್ದೇ ಇನ್ನೊಂದು ಇಸವಿ: 1975. ಬಸವೇಶ್ವರನಗರದ ಹಾವನೂರು ಸರ್ಕಲ್ ಅನ್ನುತ್ತೇವಲ್ಲ, ಆ ಹಾವನೂರು ಎಂದರೆ ಎಲ್.ಜಿ. ಹಾವನೂರು. 1972ರಲ್ಲಿ ಕರ್ನಾಟಕದ ಮೊದಲ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ರಾಜ್ಯವೆಲ್ಲ ವಿಚಾರಿಸಿ 1975ರಲ್ಲಿ ವರದಿ ಕೊಟ್ಟರು. ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿಯಲ್ಲಿ ನಾವು ತುಂಬುವ ‘ವರ್ಗ’ ಎಂಬ ಕಾಲಂ ಹಿಂದೆ ಈ ಕೆಲಸ ಇದೆ. ಬಸ್ಸಿನಲ್ಲಿ ಕಂಡಕ್ಟರು ‘ಹಾವ್ನೂರು, ಹಾವ್ನೂರು’ ಅಂತ ಕೂಗಿದಾಗ ನಾವು ಅದೊಂದು ಊರು ಅಂದುಕೊಳ್ಳುತ್ತೇವೆ.

ಡಿಸೆಂಬರ್

ಡಿಸೆಂಬರ್ 10, 1878: ಸಿ. ರಾಜಗೋಪಾಲಾಚಾರಿ, ಅಂದರೆ ರಾಜಾಜಿಯವರ ಜನನ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಕೆಲವರು ಇವರಿಗೂ ಬೆಂಗಳೂರಿಗೂ ಏನು ಸಂಬಂಧ ಅಂತ ಕೇಳುತ್ತಾರೆ. ಬಿ.ಎ. ಓದಿದ್ದು ನಮ್ಮ ಸೆಂಟ್ರಲ್ ಕಾಲೇಜಿನಲ್ಲೇ. ಭಾರತದ ಗವರ್ನರ್ ಜನರಲ್ ಆದ ಏಕೈಕ ಭಾರತೀಯರು, ಕೊನೆಯವರು ಕೂಡ. 1950ರ ಜನವರಿ 26ರಂದು ಆ ಹುದ್ದೆಯೇ ಹೋಯಿತು. ಅವರು ಆ ಹುದ್ದೆಯಲ್ಲಿದ್ದಾಗ, 1949ರಲ್ಲಿ, ಊರಿನ ಪಶ್ಚಿಮಕ್ಕೆ ಕಾರ್ಖಾನೆಗಳೂ ಕೆಲಸಗಾರರ ಮನೆಗಳೂ ಇರುವ ಹೊಸ ಬಡಾವಣೆ ಶುರುವಾಗಿ ಅವರ ಹೆಸರು ಪಡೆಯಿತು. ಕಾಲವಾದದ್ದು 1972ರ ಡಿಸೆಂಬರ್ 25.

ಡಿಸೆಂಬರ್ 29, 1904: ಕುವೆಂಪು ಜನನ. ಡಿಸೆಂಬರ್ 23, 2013: ಅವರ ಶಿಷ್ಯರಾದ ಜಿ.ಎಸ್. ಶಿವರುದ್ರಪ್ಪನವರು ನಿಧನರಾದ ದಿನ. ಇಬ್ಬರೂ ಶಿವಮೊಗ್ಗದ ಕಡೆಯವರು, ಇಬ್ಬರೂ ರಾಷ್ಟ್ರಕವಿಗಳು. ಇವರನ್ನು ನಮ್ಮ ಪಟ್ಟಿಗೆ ಯಾಕೆ ಸೇರಿಸಿದೆ ಅಂದರೆ ಜಿ.ಎಸ್.ಎಸ್. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಕಟ್ಟಿದವರು. ಅವರ ಅಂತ್ಯಕ್ರಿಯೆ ನಡೆದದ್ದೂ ಜ್ಞಾನಭಾರತಿಯ ಪಕ್ಕ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಅವರ ಶಿಷ್ಯರೊಬ್ಬರ ಕಥೆ ಫೆಬ್ರವರಿಯಲ್ಲಿ ಬರುತ್ತದೆ.

ಜನವರಿ

2007ರ ಜನವರಿ: ಬಿಬಿಎಂಪಿ ರಚನೆ. ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಆ ಒಂದೇ ಒಂದು ಪುರಸಭೆ ನಮ್ಮ ಕೆಂಗೇರಿ! ಅಲ್ಲಿಯ ತನಕ ಕೆಂಗೇರಿಯವರು ‘ಬೆಂಗಳೂರಿಗೆ ಹೋಗಿಬರ್ತೀವಿ’ ಅನ್ನುತ್ತಿದ್ದರು. ಈಗಲೂ ಮುದುಕರು ಹಾಗೇ ಅನ್ನುತ್ತಾರೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳಾದವು.

ಜನವರಿ 23: ಕ್ಯಾಲೆಂಡರಿನಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ಜಯಂತಿ (1897) ಅಂತ ಇರುತ್ತದೆ. ಅದೇ ತಾರೀಖಿಗೆ 1565ರಲ್ಲಿ ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರ ಬಿತ್ತು. ನಮ್ಮ ವಿಜಯನಗರ ಬಡಾವಣೆಗೂ ಅದರ ಪಕ್ಕದ ಹಂಪಿನಗರಕ್ಕೂ ಹೆಸರು ಬಂದದ್ದು ಆ ಸಾಮ್ರಾಜ್ಯದಿಂದಲೇ. ಆಗ ಕೆಂಪೇಗೌಡರು ಬದುಕಿದ್ದರು. ಅಪ್ಪಣೆಯಿಲ್ಲದೆ ಭೈರವನ ಹೆಸರಿನ ನಾಣ್ಯ ಹಾಕಿಸಿದ್ದಕ್ಕೆ ವಿಜಯನಗರದ ಅರಸರು ಅವರನ್ನು ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟಿದ್ದರು ಅಂತಲೂ ಒಂದು ಮಾತಿದೆ.

ವಿಜಯನಗರದ ಮಾತು ಬಂದಾಗ ಒಂದು ಲೆಕ್ಕ ಮಾಡೋಣ. ಮೈಸೂರು ರಸ್ತೆಯಲ್ಲಿ ಬ್ಯಾಟರಾಯನಪುರದ ಗಾಳಿ ಆಂಜನೇಯಸ್ವಾಮಿ ದೇವಸ್ಥಾನ ಎಲ್ಲರಿಗೂ ಗೊತ್ತು. ಹೊಸ ಗಾಡಿ ತಂದವರೆಲ್ಲ ಅಲ್ಲಿ ಪೂಜೆ ಮಾಡಿಸುತ್ತಾರೆ. ಈ ಆಂಜನೇಯನನ್ನು ವ್ಯಾಸರಾಯರು 1425ರಲ್ಲಿ ಪ್ರತಿಷ್ಠೆ ಮಾಡಿದರು ಅಂತ ಅನೇಕ ಬರಹಗಳಲ್ಲಿ ಕಾಣುತ್ತದೆ. ವ್ಯಾಸರಾಯರು ಕೃಷ್ಣದೇವರಾಯನ ಗುರುಗಳು, ಬೃಂದಾವನಸ್ಥರಾದದ್ದು 1539ರಲ್ಲಿ. 1539ರಲ್ಲಿ 1425 ಕಳೆಯಿರಿ. 114! ಹುಟ್ಟಿದ ದಿನವೇ ಪ್ರತಿಷ್ಠೆ ಮಾಡಿದರೂ 114 ವರ್ಷ ಬದುಕಬೇಕು. ಆದ್ದರಿಂದ ವ್ಯಾಸರಾಯರ ಹೆಸರು ಇಟ್ಟುಕೊಂಡರೆ 1425 ಬಿಡಬೇಕು, 1425 ಇಟ್ಟುಕೊಂಡರೆ ಹೆಸರು ಬಿಡಬೇಕು. ಇದರಿಂದ ದೇವರಿಗೆ ಏನೂ ಕಡಿಮೆಯಾಗುವುದಿಲ್ಲ. ಗಣಿತದ ಮೇಷ್ಟ್ರು ಇತಿಹಾಸಕ್ಕೂ ಬೇಕು ಅನ್ನುವುದಕ್ಕೆ ಹೇಳಿದ್ದು.

ಆ ದೇವಸ್ಥಾನದ ಹತ್ತಿರ ಹರಿಯುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿಗೆ ಬಂದು, ಬಿಡದಿಯ ಕಡೆ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿ, ಅಲ್ಲಿಂದ ಸಂಗಮದಲ್ಲಿ ಕಾವೇರಿ. ಇದರಲ್ಲಿ ಈಜಿದವರು, ಬಟ್ಟೆ ಒಗೆದವರು, ದನಕ್ಕೆ ನೀರು ಕುಡಿಸಿದವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ನಾವು ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತೇವೆ. ನದಿ ಯಾವ ದಿನ ಮೋರಿಯಾಯಿತು? ದಿನ ವಿಶೇಷದಲ್ಲಿ ಬರೆಯಲು ತಾರೀಖು ಇಲ್ಲ. ಯಾಕೆಂದರೆ ಅದು ಒಂದು ದಿನದಲ್ಲಿ ಆಗಲಿಲ್ಲ. ಆದರೆ ‘ನಾನು ಕೊನೇ ಸಲ ಅದರಲ್ಲಿ ಈಜಿದ್ದು ಇಂಥ ವರ್ಷ’ ಅಂತ ಹೇಳಬಲ್ಲವರು ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಬೇಕು. ‘ನನ್ನ ಮದುವೆ ಆದ ವರ್ಷ’, ‘ಇಂದಿರಾಗಾಂಧಿ ಸತ್ತ ವರ್ಷ’ ಅಂದರೂ ಸಾಕು, ಇಸವಿ ನಾವು ಹಾಕಿಕೊಳ್ಳಬಹುದು (ಇಂದಿರಾಗಾಂಧಿ: 1984, ಅಕ್ಟೋಬರ್ 31).

ಫೆಬ್ರವರಿ

ಫೆಬ್ರವರಿ 7, 1926: ಜಿ.ಎಸ್. ಶಿವರುದ್ರಪ್ಪ ಜನನ. ಫೆಬ್ರವರಿ 3, 1954: ಅವರ ಶಿಷ್ಯ, ಕವಿ ಸಿದ್ಧಲಿಂಗಯ್ಯನವರ ಜನನ.

ಸಿದ್ಧಲಿಂಗಯ್ಯನವರು ಪೂರ್ತಿ ನಮ್ಮ ಕಡೆಯವರು. ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆ. ದೊಡ್ಡ ಆಲದ ಮರ ನೋಡಲು ಹೋದವರು ಇನ್ನೂ ಸ್ವಲ್ಪ ಮುಂದೆ ಹೋದರೆ ಆ ಕಡೆಯೇ. ಬೆಳೆದದ್ದು ರಾಜಾಜಿನಗರದ ಪಕ್ಕದ ಶ್ರೀರಾಮಪುರದಲ್ಲಿ. ಪಾಠ ಹೇಳಿದ್ದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ. ದಲಿತ ಕುಟುಂಬದವರು, ಬಡವರು. ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಚಿಕ್ಕಂದಿನ ಒಂದು ನೋಟ ಹೇಳಿದ್ದಾರೆ. ದೂರದ ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಒಬ್ಬರು ಹಿಂದಿನಿಂದ ಉಳುತ್ತಿದ್ದರು. ಎತ್ತಿನ ಬದಲು ಮನುಷ್ಯರು! ಹುಡುಗನಿಗೆ ನೋಡಲು ವಿಚಿತ್ರ ಅನ್ನಿಸಿತು. ಹತ್ತಿರ ಬಂದಾಗ ಗೊತ್ತಾಯಿತು, ಆ ಇಬ್ಬರಲ್ಲಿ ಒಬ್ಬರು ಅವರ ಅಪ್ಪ. ಅದು ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ, ನಮ್ಮ ಸೀಮೆಯಲ್ಲೇ.

ಆ ಹುಡುಗ ಹಾಸ್ಟೆಲಿನಲ್ಲಿದ್ದು ಓದಿದ. ಸಿಟ್ಟಿನ ಕವಿತೆ ಬರೆದ. 1975ರಲ್ಲಿ ಮೊದಲ ಕವನಸಂಕಲನ ಬಂತು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾದರು. ಇವರ ಹಾಡುಗಳನ್ನು ಪುಸ್ತಕ ಓದಲು ಬಾರದವರೂ ಮೆರವಣಿಗೆಯಲ್ಲಿ ಹಾಡಿದರು. ನಮ್ಮ ಊರಿನ ಮಾರಮ್ಮ, ಮುನೇಶ್ವರ ಇಂಥ ದೇವತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಗ್ರಾಮದೇವತೆ ವಿಶ್ವವಿದ್ಯಾಲಯದ ಪಾಠವಾಯಿತು ನೋಡಿ. ವಿಧಾನ ಪರಿಷತ್ತಿನಲ್ಲಿ ಮಾತಾಡಿದರು. ತಮಾಷೆಯಾಗಿ ಮಾತಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಅಂತ ಕೇಳಿದವರು ಹೇಳುತ್ತಾರೆ. 2015ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ 81ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಮ್ಮೇಳನ ಶುರುವಾದದ್ದು 1915ರಲ್ಲಿ. ದಲಿತರೊಬ್ಬರು ಆ ಪೀಠದಲ್ಲಿ ಕೂರಲು ನೂರು ವರ್ಷ ಹಿಡಿಯಿತು.

2021ರ ಜೂನ್ 11ರಂದು ಕೊರೊನಾದಿಂದ ತೀರಿಕೊಂಡರು. ಅಂತ್ಯಕ್ರಿಯೆ ಆದದ್ದು ಗುರುಗಳಿಗೆ ಆದ ಕಡೆಯೇ, ಕಲಾಗ್ರಾಮದಲ್ಲಿ. ಕುವೆಂಪು, ಜಿ.ಎಸ್.ಎಸ್., ಸಿದ್ಧಲಿಂಗಯ್ಯ, ಮೂರು ತಲೆಮಾರಿನ ಗುರುಶಿಷ್ಯರು. ಮೊದಲ ಇಬ್ಬರ ದಿನಗಳು ದಿನ ವಿಶೇಷದ ಪುಸ್ತಕಗಳಲ್ಲಿ ಸಿಗುತ್ತವೆ. ಮೂರನೆಯವರದನ್ನು ನಾವೇ ಬರೆದು ಅಂಟಿಸಬೇಕು: ಫೆಬ್ರವರಿ 3 ಮತ್ತು ಜೂನ್ 11.

ಮಾರ್ಚ್

ಪರೀಕ್ಷೆ. ಮಾರ್ಚ್ 17 ಎಂದು ಮಾತ್ರ ನೆನಪಿಟ್ಟುಕೊಳ್ಳಿ. 1887ರಲ್ಲಿ ಡಿ.ವಿ. ಗುಂಡಪ್ಪ ಹುಟ್ಟಿದರು, 1975ರಲ್ಲಿ ಪುನೀತ್ ರಾಜ್‌ಕುಮಾರ್ ಹುಟ್ಟಿದರು. ಪುನೀತ್ ಅವರದ್ದು ಯಾರೂ ಮರೆಯುವುದಿಲ್ಲ, ಅದಕ್ಕೇ ಡಿ.ವಿ.ಜಿ. ಅವರನ್ನು ಜೊತೆಗೆ ಸೇರಿಸಿದೆ.

ಏಪ್ರಿಲ್, ಮೇ

ಈ ಎರಡು ತಿಂಗಳು ಬೇಸಿಗೆ ರಜ. ಇದೇ ಒಂದು ತೊಂದರೆ, ಒಳ್ಳೆಯ ತಾರೀಖುಗಳೆಲ್ಲ ರಜೆಯಲ್ಲೇ ಬರುತ್ತವೆ.

ಏಪ್ರಿಲ್ 11, 1938: ಮದ್ದೂರಿನ ಹತ್ತಿರ ಶಿವಪುರದಲ್ಲಿ ಸರ್ಕಾರದ ಆಜ್ಞೆ ಮೀರಿ ರಾಷ್ಟ್ರಧ್ವಜ ಹಾರಿಸಿದರು. ಹಾರಿಸಿದವರು ಟಿ. ಸಿದ್ದಲಿಂಗಯ್ಯ (ಇವರು ಬೇರೆ, ಕವಿ ಬೇರೆ). ಮೈಸೂರಿಗೆ ಹೋಗುವ ಹಳೇ ಹೆದ್ದಾರಿಯಲ್ಲಿ ಅಲ್ಲಿನ ಸೌಧ ಕಾಣಿಸುತ್ತದೆ.

ಏಪ್ರಿಲ್ 24, 1929: ಡಾ. ರಾಜ್‌ಕುಮಾರ್ ಜನನ, ಗಾಜನೂರಿನಲ್ಲಿ. ಹುಟ್ಟುಹೆಸರು ಮುತ್ತುರಾಜ. ಗಾಜನೂರು ಈಗ ತಮಿಳುನಾಡಿಗೆ ಸೇರಿದೆ, ಆದರೆ ಆ ಸೀಮೆಯ ಮನೆಗಳಲ್ಲಿ ಕನ್ನಡ. ಕಾಲವಾದದ್ದು ಏಪ್ರಿಲ್ 12, 2006. ಕಣ್ಣುಗಳನ್ನು ದಾನ ಮಾಡಿದರು. ರಾಜಾಜಿನಗರದಲ್ಲಿ ಅವರ ಹೆಸರಿನ ದೊಡ್ಡ ರಸ್ತೆ ಇದೆ, ಸಮಾಧಿ ಕಂಠೀರವ ಸ್ಟುಡಿಯೋದಲ್ಲಿದೆ. ಎರಡೂ ನಮ್ಮ ಪಶ್ಚಿಮ ಭಾಗದಲ್ಲೇ.

ಬಸವ ಜಯಂತಿ: ವೈಶಾಖ ಶುದ್ಧ ತದಿಗೆ, ಅಕ್ಷಯ ತೃತೀಯದ ದಿನ. ಇದಕ್ಕೆ ಇಂಗ್ಲಿಷ್ ತಾರೀಖು ಗೊತ್ತಿಲ್ಲ, ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಬರುತ್ತದೆ. ಹುಟ್ಟಿದ ಇಸವಿಯನ್ನು ಕೆಲವರು 1105, ಕೆಲವರು 1131, ಕೆಲವರು 1134 ಅನ್ನುತ್ತಾರೆ. ಬಸವಣ್ಣನವರನ್ನು ಹೆಸರಿಸುವ ಶಾಸನಗಳಲ್ಲಿ ಮುಖ್ಯವಾದದ್ದು ಬೆಳಗಾವಿ ಜಿಲ್ಲೆಯ ಅರ್ಜುನವಾಡದ್ದು, 1260ರದು. ಅವರು ಹೋಗಿ ಸುಮಾರು ಒಂದು ನೂರು ವರ್ಷ ಆಗಿತ್ತು. ಈ ದಿನವನ್ನು ಊರೆಲ್ಲ ಸೇರಿ ಆಚರಿಸುವ ಪದ್ಧತಿ ಹಳೆಯದಲ್ಲ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ್ ಮಂಜಪ್ಪನವರು ಮೊದಲು ಮಾಡಿದರು. ಅವರು ಬನವಾಸಿಯವರು, ಹುಟ್ಟಿದ್ದು 1886ರ ಫೆಬ್ರವರಿ 18. ಗಾಂಧಿಯವರ ದಾರಿ ಹಿಡಿದು ಖಾದಿ, ಸರಳ ಜೀವನ ಅಂತ ಬದುಕಿದರು. ತೀರಿಕೊಂಡದ್ದು 1947ರ ಜನವರಿ 3, ಸಾವಿತ್ರಿಬಾಯಿ ಫುಲೆ ಅವರ ಜನ್ಮದಿನದಂದು.

ಏಪ್ರಿಲ್, ಮೇ ತಿಂಗಳ ಹಾಳೆಯನ್ನು ರಜೆ ಕೊಡುವ ಮುಂಚೆಯೇ ಬರೆದು ಅಂಟಿಸಿ ಹೋಗಬೇಕು. ರಜೆಯಲ್ಲಿ ಶಾಲೆಯ ಜಗಲಿಗೆ ಆಡಲು ಬರುವ ಚಿಕ್ಕವರಾದರೂ ಓದಲಿ. ಬಸವ ಜಯಂತಿಯ ಸಾಲಿನಲ್ಲಿ ತಾರೀಖಿನ ಜಾಗ ಖಾಲಿ ಬಿಡಿ. ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೆ ನೋಡಿ ಪೆನ್ಸಿಲಿನಲ್ಲಿ ತುಂಬಿ, ಮುಂದಿನ ವರ್ಷ ಅಳಿಸಿ ಬೇರೆ ಬರೆಯಲು ಬರುತ್ತದೆ.